ಏಳನೆಯ ಕೋಟೆ

ಎಲ್ಲದಕ್ಕೂ ಮೂಲ ಆ ಮೇಜಿನ ಕಾಲು. ಮೂರು ಕಾಲು ನೆಲಕ್ಕೆ ಸರಿಯಾಗಿ ಊರಿದ್ದವು, ನಾಲ್ಕನೆಯದು ಮಾತ್ರ ಕೂದಲೆಳೆಯಷ್ಟು ಗಿಡ್ಡ. ಎರಡು ವರ್ಷದಿಂದ ಅದು ಅಲ್ಲಾಡಿ ನೀರಿನ ಲೋಟ ತುಳುಕುತ್ತಿದ್ದರೂ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಅವತ್ತು ಬೆಳಿಗ್ಗೆ ಮೇಜಿನ ಮೇಲೆ ಇದ್ದದ್ದು ಲೋಟವಲ್ಲ, ಕೋಟೆ ಆಟದ ಹಲಗೆ. ಅರ್ಧಕ್ಕೆ ನಿಂತಿದ್ದ ಆ ಆಟದಲ್ಲಿ ಕನ್ನಡಕದವರು ಗೆಲ್ಲುವುದರಲ್ಲಿದ್ದರು.

ಕನ್ನಡಕದವರು ಅಂದರೆ ಎರಡನೇ ಮಹಡಿಯ ಯಜಮಾನರು. ಪೇಟೆಯಲ್ಲಿ ಕನ್ನಡಕದ ಅಂಗಡಿ ಇದೆ. ಊರಿನ ಅರ್ಧ ಜನಕ್ಕೆ ಕಣ್ಣು ಕಾಣಿಸಿದ್ದು ತಾನೇ ಅನ್ನುವ ಹೆಮ್ಮೆಯೂ ಇದೆ, ಇರಲಿ ಬಿಡಿ. ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್. ಇಪ್ಪತ್ತು ಮಂಚದ ವಾರ್ಡಿನಲ್ಲಿ ಮೂವತ್ತು ರೋಗಿಗಳನ್ನು ಒಬ್ಬರೂ ಗೊಣಗದ ಹಾಗೆ ಮಲಗಿಸುವ ಹೆಂಗಸು. ಅಂಥವಳ ಎದುರು ಕಾಯಿ ನಡೆಸಿ ಗೆಲ್ಲೋದು ಅಂದರೆ ಹುಡುಗಾಟವೇ? ಸಂಜೆಯಾದರೆ ಟೀವಿ ಮುಂದೆ ಕೂತು ಇಬ್ಬರೂ ಮಾತೇ ಮರೆತಿದ್ದೀವಿ ಅಂತ ಅವಳೇ ಆ ಆಟ ತಂದಿದ್ದಳು. ಹಲಗೆ ಮೇಲೆ ಒಂದು ದ್ವೀಪ, ನಡುವೆ ನದಿ. ಅವರಿಗೆ ಕೆಂಪು ಕೋಟೆ, ಅವಳಿಗೆ ನೀಲಿ ಕೋಟೆ, ಇಬ್ಬರಿಗೂ ಒಂದಷ್ಟು ದೋಣಿ. ಏಳು ಕೋಟೆ ಸಾಲಾಗಿ ಕಟ್ಟಿದವರು ಗೆದ್ದ ಹಾಗೆ. ಒಂಬತ್ತು ತಿಂಗಳು ಆಡಿದರು. ಒಂಬತ್ತು ತಿಂಗಳೂ ಅವಳೇ ಗೆದ್ದಳು.

ಈ ಸಲದ ಆಟಕ್ಕೆ ಪಣ ಇತ್ತು. ಹಿಂದುಗಡೆ ಒಂದು ಸಣ್ಣ ಕೋಣೆ ಖಾಲಿ ಇದೆ. ಹೆಂಡತಿಯ ಚಿಕ್ಕಮ್ಮ ಬಂದು ನಾಲ್ಕು ತಿಂಗಳು ಅದರಲ್ಲಿ ಇರ್ತೀನಿ ಅಂದಿದ್ದರು. ಚಿಕ್ಕಮ್ಮ ಕೆಟ್ಟವರಲ್ಲ. ಆದರೆ ಎದ್ದ ಗಳಿಗೆಯಿಂದ ಮಲಗುವ ತನಕ ಅವರ ಬಾಯಿಗೆ ಬಿಡುವಿಲ್ಲ. ಹಿಂದಿನ ಸಲ ಒಂದೇ ವಾರ ಇದ್ದು, ಕನ್ನಡಕದವರು ಹಲ್ಲುಜ್ಜುವ ರೀತಿಯನ್ನೂ ತಿದ್ದಿ ಹೋಗಿದ್ದರು. ಕನ್ನಡಕದವರಿಗೆ ಆ ಕೋಣೆಯಲ್ಲಿ ಒಂದು ಆರಾಮ ಕುರ್ಚಿ ಹಾಕಿ, ಬಾಗಿಲು ಮುಚ್ಚಿ, ದಿನಕ್ಕೆ ಒಂದು ಗಂಟೆ ಯಾರ ಮಾತೂ ಕೇಳದೆ ಕೂರಬೇಕು ಅಂತ ಆಸೆ. ಹುಟ್ಟಿದ ಮೇಲೆ ಅಂಥ ಒಂದು ಗಂಟೆ ಅವರಿಗೆ ಸಿಕ್ಕಿರಲಿಲ್ಲ. ಗೆದ್ದವರ ಮಾತಿನಂತೆ ಕೋಣೆ ಅಂತ ಒಪ್ಪಂದವಾಯಿತು. ಚಿಕ್ಕಮ್ಮನ ರೈಲು ಅವತ್ತಿನ ಮರುದಿನ ಬೆಳಿಗ್ಗೆ.

ನೋಡಿ ಅದೃಷ್ಟ, ಈ ಸಲ ಕೆಂಪು ಕೋಟೆ ಆರು ಸಾಲಾಗಿ ನಿಂತಿದ್ದವು. ಏಳನೆಯದು ಕಟ್ಟಬೇಕಾದ ಜಾಗ ನದಿ ಸಮುದ್ರ ಸೇರುವ ಕಡೆ, ಖಾಲಿ ಬಿದ್ದಿತ್ತು. ಮುಂದಿನ ಸರದಿ ಹೆಂಡತಿಯದು, ನಿಜ. ಅಲ್ಲಿ ದೋಣಿ ಅಡ್ಡ ನಿಲ್ಲಿಸಿದರೆ ಕೋಟೆ ಕಟ್ಟುವ ಹಾಗಿಲ್ಲ, ಆದರೆ ದೋಣಿ ಒಂದು ಸರದಿಗೆ ಎರಡೇ ಮನೆ ನಡೆಯುತ್ತೆ, ಅವಳ ಹತ್ತಿರದ ದೋಣಿ ಮೂರು ಮನೆ ಆಚೆ ಇತ್ತು. ಅವಳು ಏನು ಆಡಿದರೂ ಅದರ ಮುಂದಿನ ಸರದಿಗೆ ಇವರ ಕೋಟೆ. ಅವಳಿಗೆ ಬೆಳಗಿನ ಡ್ಯೂಟಿ ಇದ್ದದ್ದರಿಂದ ಹಿಂದಿನ ರಾತ್ರಿ ಆಟ ಹಾಗೇ ನಿಲ್ಲಿಸಿ, ಸಂಜೆ ಮುಗಿಸೋಣ ಅಂದುಕೊಂಡಿದ್ದರು.

ಅಂಗಡಿಗೆ ವಾರದ ರಜೆ. ಕನ್ನಡಕದವರು ಎದ್ದಾಗ ಹೆಂಡತಿ ಹೊರಟುಹೋಗಿದ್ದಳು, ಹಲಗೆಯ ಪಕ್ಕದಲ್ಲಿ ಎಂದಿನಂತೆ ಒಂದು ಚೀಟಿ ಇತ್ತು. ರಜೆಯ ದಿನ ಅವಳು ಬರೆದಿಡುವ ಚೀಟಿ ಅಂದರೆ ಕೆಲಸದ ಪಟ್ಟಿ. ಅದಕ್ಕೆ ಇವರು ಒಂದು ಉಪಾಯ ಕಂಡುಕೊಂಡಿದ್ದರು. ಓದಿದರೆ ತಾನೇ ಮಾಡಬೇಕು? ಓದದಿದ್ದರೆ, ಅಯ್ಯೋ, ಚೀಟಿ ಇತ್ತಾ, ನಾನು ನೋಡಲೇ ಇಲ್ಲ ಅಂದರಾಯಿತು. ಅಷ್ಟರಲ್ಲಿ ಮೇಜು ಅಲ್ಲಾಡಿ ಕೆಂಪು ಕೋಟೆಯೊಂದು ನಡುಗಿತು. ಕನ್ನಡಕದವರು ಕೈಗೆ ಸಿಕ್ಕಿದ ಆ ಚೀಟಿಯನ್ನೇ ನಾಲ್ಕಾಗಿ ಮಡಿಸಿ ಗಿಡ್ಡ ಕಾಲಿನ ಕೆಳಗೆ ತುರುಕಿದರು. ಮೇಜು ಗಟ್ಟಿಯಾಗಿ ನಿಂತಿತು, ಚೀಟಿಯ ಕಾಟವೂ ತಪ್ಪಿತು. ಒಂದೇ ಏಟಿಗೆ ಎರಡು ಹಕ್ಕಿ ಅಂತ ಅವರು ಕಾಫಿ ಮಾಡಿಕೊಂಡರು.

ಕಾಫಿಯ ವಾಸನೆಗೆ ಮೊದಲು ಇಳಿದು ಬಂದವರು ಮೇಲಿನ ಮನೆಯ ರಿಟೈರ್ಡ್ ಪೋಸ್ಟ್ ಮಾಸ್ಟರು. ಹಲಗೆ ನೋಡಿ ಕುರ್ಚಿ ಎಳೆದುಕೊಂಡರು, ಕೇಳದೆಯೇ ಸಲಹೆ ಕೊಡಲು ಶುರು ಮಾಡಿದರು. ಅವರ ಹಿಂದೆಯೇ ಸಕ್ಕರೆ ಕೇಳಲು ಬಂದ ಎದುರುಮನೆಯಾಕೆ, ಸಕ್ಕರೆ ಮರೆತು ಹಲಗೆಯ ಇನ್ನೊಂದು ಬದಿಗೆ ನಿಂತರು. ಹೆಂಡತಿಯನ್ನ ಸೋಲಿಸೋದು ಮನೆಗೆ ಒಳ್ಳೆಯದಲ್ಲ ಅಣ್ಣ ಅಂತ ಆಕೆ, ಮೂವತ್ತು ವರ್ಷ ಸೋತು ನನಗೇನು ಸಿಕ್ಕಿತು ಅಂತ ಪೋಸ್ಟ್ ಮಾಸ್ಟರು. ಕನ್ನಡಕದವರು ಯಾರೂ ಮುಟ್ಟದಂತೆ ಎರಡೂ ಕೈ ಚಾಚಿ ಹಲಗೆಯನ್ನು ಕಾಯುತ್ತಾ ನಿಂತರು. ಕಾಫಿ ಆರಿಹೋಯಿತು.

ಆಗ ನಲ್ಲಿ ರಿಪೇರಿಯವನು ಬಂದ. ಚಾವಣಿಯ ಹತ್ತಿರದ ಪೈಪು ಸೋರುತ್ತಿದೆಯಂತೆ, ನೋಡಿಕೊಂಡು ಹೋಗು ಅಂತ ಅಮ್ಮಾವರು ಹೇಳಿದ್ದರಂತೆ.

"ನನಗೆ ಯಾರೂ ಹೇಳಲಿಲ್ವಲ್ಲ," ಅಂದರು ಕನ್ನಡಕದವರು.

"ಚೀಟೀಲಿ ಬರೆದಿಟ್ಟಿದೀನಿ ಅಂದ್ರು ಸಾರ್."

"ಹಾಂ, ಹೌದು ಹೌದು, ಓದಿದೆ," ಅಂದುಬಿಟ್ಟರು. ಓದಿಲ್ಲ ಅಂದರೆ ಆ ಸುದ್ದಿ ಸಂಜೆಯೊಳಗೆ ಅವಳ ಕಿವಿಗೆ ಬೀಳುತ್ತೆ ಅನ್ನೋದು ಅವರಿಗೆ ಗೊತ್ತು.

ಪೈಪು ಇದ್ದದ್ದು ಸರಿಯಾಗಿ ಮೇಜಿನ ನೆತ್ತಿಯ ಮೇಲೆ. ಏಣಿ ಹಾಕಬೇಕು, ಮೇಜು ಜರುಗಿಸಿ ಅಂದ ಅವನು. ಇನ್ನೊಂದು ದಿನ ಬಾರಪ್ಪ ಅಂದರೆ, ಇನ್ನು ಹದಿನೈದು ದಿನ ಬರಕ್ಕಾಗಲ್ಲ ಅಂದ. ಸರಿ, ಹಲಗೆ ಮೇಲೆ ಹಾಗೇ ಇರಲಿ, ಮೇಜನ್ನೇ ನಿಧಾನಕ್ಕೆ ಎತ್ತಿ ಪಕ್ಕಕ್ಕಿಡೋಣ ಅಂತ ಪೋಸ್ಟ್ ಮಾಸ್ಟರು ಮುಂದಾಳತ್ವ ವಹಿಸಿದರು. ಅವರೊಂದು ಕಡೆ, ಎದುರುಮನೆಯಾಕೆ ಒಂದು ಕಡೆ, ಕನ್ನಡಕದವರು ಒಂದು ಕಡೆ ಹಿಡಿದರು.

"ಎಡಕ್ಕೆ," ಅಂದರು ಪೋಸ್ಟ್ ಮಾಸ್ಟರು.

"ಯಾರ ಎಡಕ್ಕೆ?" ಅಂತ ಎದುರುಮನೆಯಾಕೆ ಕೇಳುವ ಹೊತ್ತಿಗೆ ಮೂವರೂ ತಂತಮ್ಮ ಎಡಕ್ಕೆ ಎಳೆದಾಗಿತ್ತು. ಕೋಟೆ, ದೋಣಿ, ದ್ವೀಪ ಎಲ್ಲ ದಡದಡನೆ ನೆಲದ ಮೇಲೆ ಬಿದ್ದವು.

ಒಂಬತ್ತು ತಿಂಗಳಲ್ಲಿ ಕೈಗೆ ಬಂದ ಒಂದೇ ಒಂದು ತುತ್ತು ಬಾಯಿಗೆ ಬರಲಿಲ್ಲವಲ್ಲ ಅಂತ ಕನ್ನಡಕದವರು ಗೊಣಗಿದರು. ಆಮೇಲೆ ನೆಲದ ಮೇಲೆ ಕೂತು ಒಂದೊಂದೇ ಕಾಯಿ ಆರಿಸಿದರು. ರಿಪೇರಿಯವನು ತನ್ನ ಕೆಲಸ ಮುಗಿಸಿ ಏಣಿ ಹೊತ್ತು ಹೋದ. ಮೇಜು ಮತ್ತೆ ತನ್ನ ಜಾಗಕ್ಕೆ ಬಂತು, ಅಲ್ಲಾಡಿತು. ಕನ್ನಡಕದವರು ಸಿಡುಕುತ್ತಾ ಬಗ್ಗಿ ಅದೇ ಚೀಟಿಯನ್ನು ಇನ್ನೊಂದು ಮಡಿಕೆ ಮಡಿಸಿ ಕಾಲಿನ ಕೆಳಗೆ ಇಟ್ಟರು.

ಕೆಂಪು ಕೋಟೆಗಳ ಜಾಗ ಅವರಿಗೆ ಬಾಯಿಪಾಠ. ತಕರಾರು ಶುರುವಾದದ್ದು ಆ ನೀಲಿ ದೋಣಿಯ ವಿಷಯಕ್ಕೆ. ಮೂರು ಮನೆ ಆಚೆ ಇತ್ತು ಅಂದರು ಕನ್ನಡಕದವರು. ಎರಡೇ ಮನೆ, ನಾನು ಕಣ್ಣಾರೆ ಕಂಡಿದೀನಿ ಅಂದರು ಎದುರುಮನೆಯಾಕೆ. ಪೋಸ್ಟ್ ಮಾಸ್ಟರು ಗಂಟಲು ಸರಿಮಾಡಿಕೊಂಡರು. ಎಷ್ಟು ಮನೆ ಇತ್ತು ಅನ್ನೋದು ಮುಖ್ಯವಲ್ಲ, ನೋಡುವವರಿಗೆ ಹೇಗೆ ಕಾಣುತ್ತೆ ಅನ್ನೋದು ಮುಖ್ಯ ಅಂದರು. "ಒಂದು ಮನೆ ದೂರ ಇಟ್ರೆ ಮೋಸ ಮಾಡಿದ ಅಂತಾರೆ. ಒಂದು ಮನೆ ಹತ್ತಿರ ಇಡಿ, ಯಾವ ಹೆಂಡತಿಯೂ ಗಂಡ ತನಗೆ ಲಾಭ ಮಾಡಿಕೊಟ್ಟ ಅಂತ ಜಗಳ ತೆಗೆಯಲ್ಲ."

ಮಾತು ಸರಿ ಅನ್ನಿಸಿತು. ಮೂವತ್ತು ರೋಗಿಗಳನ್ನು ನೆನಪಿಡುವವಳಿಗೆ ಒಂದು ಚೂರು ಅನುಮಾನ ಬಂದರೂ ಆಟ ರದ್ದು, ಕೋಣೆ ಚಿಕ್ಕಮ್ಮನದು. ಅಲ್ಲದೆ ದಿನವಿಡೀ ದುಡಿದು ದಣಿದು ಬರುವವಳಿಗೆ ಆ ದೋಣಿ ಎಲ್ಲಿ ಕಾಣಬೇಕು? ಕನ್ನಡಕದವರು ಉಸಿರು ಬಿಗಿಹಿಡಿದು ನೀಲಿ ದೋಣಿಯನ್ನು ಎರಡನೇ ಮನೆಯಲ್ಲಿ ಇಟ್ಟರು. ಈ ವಿಷಯ ನಮ್ಮ ಮೂವರಲ್ಲೇ ಇರಲಿ ಅಂತ ಕೈ ಮುಗಿದರು. ನನ್ನ ಬಾಯಿಂದ ಹೊರಗೆ ಬಿದ್ದರೆ ಕೇಳಿ ಅಂದರು ಎದುರುಮನೆಯಾಕೆ, ಸಕ್ಕರೆ ತಗೊಂಡು ಹೋದರು.

ಸಂಜೆ ಹೆಂಡತಿ ಬಂದಳು. ಕೈಕಾಲು ತೊಳೆದು ಬಂದವಳು ಕನ್ನಡಕದವರು ಹಲಗೆ ಮುಂದೆ ನೆಟ್ಟಗೆ ಕೂತಿದ್ದನ್ನು ನೋಡಿ ನಿಂತಳು. ಒಮ್ಮೆ ಹಲಗೆ ನೋಡಿದಳು, ಒಮ್ಮೆ ಗಂಡನ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಇವರು ಸುಮ್ಮನೆ ಕನ್ನಡಕ ಒರೆಸಿಕೊಂಡರು.

"ಅಲ್ಲಾ ರೀ, ನಿಜವಾಗ್ಲೂ ಆಡಬೇಕಾ?" ಅಂತ ಕೇಳಿದಳು.

ಸೋಲುವ ಭಯ ಇವಳಿಗೆ ಅಂದುಕೊಂಡರು. "ಆಡದೆ ಬಿಡ್ತೀನಾ? ಆಡಿಯೇ ತೀರ್ಮಾನ ಆಗಲಿ. ಇಟ್ಟ ಕಾಯಿ ಎತ್ತೋ ಹಾಗಿಲ್ಲ, ನಿಯಮ ಅಂದ್ರೆ ನಿಯಮ."

"ನಿಮ್ಮಿಷ್ಟ," ಅಂತ ಅವಳು ಕೂತಳು. ಎರಡು ಬೆರಳಲ್ಲಿ ನೀಲಿ ದೋಣಿ ಹಿಡಿದು ಒಂದು ಮನೆ, ಎರಡು ಮನೆ ನಡೆಸಿ ನದಿಯ ಬಾಯಿಗೆ ಅಡ್ಡ ನಿಲ್ಲಿಸಿದಳು. ಏಳನೆಯ ಕೋಟೆಗೆ ಜಾಗವೇ ಇಲ್ಲವಾಯಿತು. ಮುಂದಿನ ಅರ್ಧ ಗಂಟೆ ಕನ್ನಡಕದವರು ಬೆವರಿದ್ದೇ ಬೆವರಿದ್ದು. ಅರ್ಧ ಗಂಟೆಯ ಕೊನೆಗೆ ಹಲಗೆ ಮೇಲೆ ಸಾಲಾಗಿ ಏಳು ನೀಲಿ ಕೋಟೆ ನಿಂತಿದ್ದವು.

ಹೆಂಡತಿ ಫೋನ್ ಕೈಗೆತ್ತಿಕೊಂಡಳು. "ಹಾಗಾದ್ರೆ ಚಿಕ್ಕಮ್ಮನಿಗೆ ಬನ್ನಿ ಅಂತ ಮತ್ತೆ ಹೇಳ್ಬೇಕು. ಬೆಳಿಗ್ಗೆ ಬೇಡ ಅಂದುಬಿಟ್ಟಿದ್ದೆ."

"ಬೇಡ ಅಂದಿದ್ಯಾ? ಯಾಕೆ?"

"ನಾನು ಸೋತಿದ್ದೆನಲ್ಲ. ಬೆಳಿಗ್ಗೆ ಹೊರಡುವಾಗ ನೋಡಿದೆ, ದಾರಿಯೇ ಇರಲಿಲ್ಲ. ಚೀಟೀಲಿ ಬರೆದಿಟ್ಟಿದ್ದೆ. ಓದಿದೆ ಅಂದ್ರಂತಲ್ಲ, ನಲ್ಲಿಯವನು ಹೇಳಿದ."

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಅಂತ ಕನ್ನಡಕದವರು ನಡೆದದ್ದನ್ನೆಲ್ಲ ಒಪ್ಪಿಕೊಂಡರು. ಕಾಯಿ ಬಿದ್ದುಹೋಗಿದ್ದವು, ತಾನೇ ಮತ್ತೆ ಜೋಡಿಸಿದ್ದು, ದೋಣಿ ಅಲ್ಲಿರಲಿಲ್ಲ, ಆದ್ದರಿಂದ ಈ ಆಟ ಲೆಕ್ಕಕ್ಕಿಲ್ಲ ಅಂದರು.

"ಗೊತ್ತು," ಅಂದಳು ಹೆಂಡತಿ. "ಎದುರುಮನೆಯವರು ಮೆಟ್ಟಿಲ ಹತ್ತಿರವೇ ಹೇಳಿದ್ರು. ಗೆದ್ದಿದ್ದ ಆಟ ಬಿಟ್ಟು, ದೋಣೀನ ಹತ್ತಿರ ತಂದಿಟ್ಟು, ಆಡಲೇಬೇಕು ಅಂತ ಕೂತ್ರಲ್ಲ. ನಿಮಗೂ ಚಿಕ್ಕಮ್ಮ ಬರಲಿ ಅಂತ ಒಳಗೊಳಗೇ ಆಸೆ ಇದೆ, ಬಾಯಿಬಿಟ್ಟು ಹೇಳೋಕೆ ನಾಚಿಕೆ ಅಂದುಕೊಂಡೆ. ಅದನ್ನೇ ಅವರಿಗೂ ಹೇಳ್ತೀನಿ, ಎಷ್ಟು ಖುಷಿಪಡ್ತಾರೋ."

ಅವಳು ಮಾತಾಡುತ್ತಾ ಹಿಂದಿನ ಕೋಣೆಯ ಕಿಟಕಿ ತೆರೆಯಲು ಹೋದಳು. ಫೋನಿನಿಂದ ಚಿಕ್ಕಮ್ಮನ ದನಿ ಮೂರು ಗೋಡೆ ದಾಟಿ ಕೇಳುತ್ತಿತ್ತು. ನಾಲ್ಕು ತಿಂಗಳು ಯಾಕೆ, ಅಳಿಯಂದಿರು ಅಷ್ಟು ಆಸೆ ಪಟ್ಟರೆ ಎಂಟು ತಿಂಗಳು ಇರ್ತೀನಿ ಅನ್ನುತ್ತಿದ್ದರು. ಕನ್ನಡಕದವರು ಮೇಜಿನ ಕೆಳಗೆ ನುಸುಳಿ ಚೀಟಿ ಎಳೆದು ಬಿಡಿಸಿದರು. ನಾಲ್ಕೇ ಸಾಲು ಇತ್ತು.

ಒಂದು, ನಲ್ಲಿಯವನು ಬರ್ತಾನೆ, ಅದಕ್ಕೆ ಮೊದಲು ಹಲಗೆ ಎತ್ತಿಡಿ. ಎರಡು, ಬಟ್ಟೆ ಒಣಗಿಸಿ. ಮೂರು, ಆಟ ನೀವೇ ಗೆದ್ದಿರಿ, ಕೋಣೆ ನಿಮ್ಮದು. ನಾಲ್ಕು, ಮೇಜಿನ ಕಾಲಿಗೆ ಬೇರೆ ಕಾಗದ ಇಡಿ, ಈ ಚೀಟಿಯನ್ನ ಒಂದು ಸಲ ಓದಿ.

ತಲೆಯ ಮೇಲೆ ಮೇಜು ಅಲ್ಲಾಡಿ ಒಂದು ನೀಲಿ ಕೋಟೆ ಅವರ ಮಡಿಲಿಗೆ ಬಿತ್ತು. ಕನ್ನಡಕದವರು ಚೀಟಿಯನ್ನು ಮೊದಲಿನ ಹಾಗೆಯೇ ಮಡಿಸಿ ಗಿಡ್ಡ ಕಾಲಿನ ಕೆಳಗೆ ಇಟ್ಟರು. ಆಮೇಲೆ ಬಟ್ಟೆ ಒಣಗಿಸಲು ಎದ್ದರು.