ಎರಡನೇ ಗೇರಿನ ಪಾಠ

ಗೂಡಲೂರಿನಲ್ಲಿ ಕಾರು ಕಲಿಸುವುದು ನನ್ನ ಕೆಲಸ. ಇಲ್ಲಿ ರಸ್ತೆಯೆಂದರೆ ಒಂದೋ ಏರು, ಇಲ್ಲ ಇಳಿಜಾರು. ಇಳಿಯುವಾಗ ಬ್ರೇಕನ್ನೇ ತುಳಿಯುತ್ತಿದ್ದರೆ ಅದು ಕಾದು ಕೈಕೊಡುತ್ತದೆ. ಎರಡನೇ ಗೇರಿಗೆ ಹಾಕಿದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಇಷ್ಟೇ ಪಾಠ. ಇಷ್ಟು ಹೇಳಿಕೊಡಲು ಹೋಗಿ ವಾರಕ್ಕೊಂದು ಅವಾಂತರ ಆಗದಿದ್ದರೆ ನನಗೇ ಏನೋ ಕಳೆದುಕೊಂಡ ಹಾಗಿರುತ್ತದೆ.

ಕೆಳಗಿನ ಗೇರು

ಪಂದಲೂರಿನ ಸಣ್ಣ ಟೀ ಬೆಳೆಗಾರರೊಬ್ಬರು ಕಲಿಯಲು ಬಂದಿದ್ದರು. ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಮನುಷ್ಯ. ಮೂರನೇ ಗೇರಿನಲ್ಲಿ ಇಳಿಯುತ್ತಿದ್ದೆವು. ತಿರುವು ಬಂತು.

"ಕೆಳಗಿನ ಗೇರಿಗೆ ಹಾಕಿ ಅಣ್ಣಾ," ಅಂದೆ.

ಅವರು ಗೇರಿನ ಕೋಲನ್ನು ನೇರ ಕೆಳಗೆ ಎಳೆದರು. ಅದು ಎರಡಕ್ಕೆ ಬದಲು ನಾಲ್ಕಕ್ಕೆ ಬಿತ್ತು. ಗಾಡಿ ಕಿತ್ತುಕೊಂಡು ಓಡಿತು.

"ಕೆಳಗೆ ಅಣ್ಣಾ, ಕೆಳಗೆ!"

"ಇದಕ್ಕಿಂತ ಕೆಳಗೆ ಹೋಗಲ್ಲ ಮಾಸ್ಟರ್, ನೆಲ ಬಂದುಬಿಡುತ್ತೆ!"

ಮಗುವಿನ ನಿದ್ದೆ

ನಡುವಟ್ಟಂ ಇಳಿಜಾರಿನಲ್ಲಿ ಮೈಸೂರಿನ ಕಾರೊಂದು ನಿಂತಿತ್ತು. ಚಕ್ರಗಳಿಂದ ಹೊಗೆ. ಗಂಡ, ಹೆಂಡತಿ, ಅತ್ತೆ ಮೂವರೂ ಒಟ್ಟಿಗೆ ಕೂಗಾಡುತ್ತಿದ್ದರು.

"ಎರಡನೇ ಗೇರಲ್ಲಿ ಬರಬೇಕಿತ್ತು ಸಾರ್," ಅಂದೆ.

"ಹಾಕಿದ್ದೆ ಕಣ್ರೀ. ಇಂಜಿನ್ ಒಂದೇ ಸಮ ಅರಚ್ತಿತ್ತು. ಮಗು ಎದ್ದುಬಿಡುತ್ತೆ ಅಂತ ಇವಳೇ ನಾಲ್ಕಕ್ಕೆ ಹಾಕ್ಸಿದ್ಲು."

"ಎದ್ದರೆ ಮಲಗಿಸೋದು ನೀವಾ?" ಅಂತ ಆಕೆ ಇನ್ನೂ ಜೋರಾಗಿ ಕೂಗಿದರು.

ನಾನು ಒಳಗೆ ಇಣುಕಿದೆ. ಮಗು ಬಾಯಲ್ಲಿ ಬೆರಳಿಟ್ಟುಕೊಂಡು ಸುಖವಾಗಿ ಗೊರಕೆ ಹೊಡೆಯುತ್ತಿತ್ತು.

ಸಿಸ್ಟರ್ ಅವರ ಪರೀಕ್ಷೆ

ಎಸ್ಟೇಟ್ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದ ಸಿಸ್ಟರ್ ಒಬ್ಬರು ಅರವತ್ತು ದಾಟಿದ ಮೇಲೆ ಕಾರು ಕಲಿಯಲು ಬಂದರು. ಒಂದು ದಿನ ಇಳಿಜಾರಿನ ಮಧ್ಯೆ, "ಮಾಸ್ಟರ್, ಬ್ರೇಕು ಮೆತ್ತಗಿದೆ," ಅಂದರು. ಕಲಿಸುವವರಿಗೆಂದು ನನ್ನ ಕಡೆ ಇರುವ ಬ್ರೇಕ್ ಪೆಡಲ್ ತುಳಿದೆ. ಅದೂ ಸೀದಾ ತಳಕ್ಕಿಳಿಯಿತು. ಎಡಗಡೆ ಕಣಿವೆ.

"ಎರಡು! ಎರಡಕ್ಕೆ ಹಾಕಿ!" ಅಂತ ಕಿರುಚಿದೆ.

ಇಂಜೆಕ್ಷನ್ ಕೊಡುವಷ್ಟೇ ನಿಧಾನವಾಗಿ ಸಿಸ್ಟರ್ ಎರಡಕ್ಕೆ ಹಾಕಿದರು. ಇಂಜಿನ್ ಗುಡುಗಿತು, ವೇಗ ಇಳಿಯಿತು. ನಾನು ಹೇಳುವ ಮೊದಲೇ ಒಂದಕ್ಕೆ ಹಾಕಿದರು. ನನ್ನ ಮೊಣಕಾಲಿನ ಪಕ್ಕದಲ್ಲೇ ಇದ್ದ ಹ್ಯಾಂಡ್‌ಬ್ರೇಕ್ ನನಗೆ ಮರೆತೇಹೋಗಿತ್ತು. ಅದನ್ನೂ ಅವರೇ ಎಳೆದರು. ಕಾರು ಬಲಗಡೆ ಟೀ ತೋಟದ ಮಣ್ಣಿನ ಬರೆಗೆ ಒರಗಿ ನಿಂತಿತು.

ಸಿಸ್ಟರ್ ನನ್ನ ಕೈ ಹಿಡಿದು, ಗಡಿಯಾರ ನೋಡುತ್ತಾ ನಾಡಿ ಎಣಿಸಿದರು.

"ಪಾಠ ತುಂಬಾ ಚೆನ್ನಾಗಿತ್ತು ಮಾಸ್ಟರ್," ಅಂದರು. "ಬ್ರೇಕ್ ನಿಜವಾಗಿಯೂ ಹೋದಂತೆಯೇ ಇತ್ತು. ಆದರೆ ಈ ವಯಸ್ಸಿನಲ್ಲಿ ನೀವು ಇಷ್ಟೊಂದು ಮುಳುಗಿ ನಟಿಸಬಾರದು."