ಓದಿದ್ದು ತಿಳೀತೇನು?

ಇಪ್ಪತ್ತೈದು ವರ್ಷ ಓದು ಕಲಿಸಿದೆ. "ಓದಿದ್ದು ತಿಳೀತೇನು?" ಎಂದು ಕೇಳಿದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತಿತ್ತು.

೧

ತೆಂಗಳಿ ಶಾಲೆಗೆ ನಾನು ಹೊಸ ಟೀಚರ್. ಮಕ್ಕಳು ಪಾಠದ ಪ್ರಶ್ನೆಗಳಿಗೆಲ್ಲ ಪಟಪಟ ಉತ್ತರ ಹೇಳುತ್ತಿದ್ದರು. ಯಾಕೋ ಅನುಮಾನ ಬಂದು, ಅರ್ಥವೇ ಇಲ್ಲದ ವಾಕ್ಯವೊಂದನ್ನು ಬೋರ್ಡಿನ ಮೇಲೆ ಬರೆದೆ: 'ಚಿಂಬಿಯು ಲೊಟಗನನ್ನು ಗುರ್ಕಿಸಿತು.'

"ಚಿಂಬಿ ಯಾರನ್ನು ಗುರ್ಕಿಸಿತು?"

"ಲೊಟಗನನ್ನು ಗುರ್ಕಿಸಿತು!" ಇಡೀ ತರಗತಿ ಒಂದೇ ದನಿ.

"ಗುರ್ಕಿಸೋದು ಅಂದ್ರೇನು?"

ಎಲ್ಲರೂ ಪುಸ್ತಕ ತಿರುವಿ ಹುಡುಕತೊಡಗಿದರು. ಮುಂದೆ ಕುಳಿತ ಹುಡುಗಿ ನನಗೇ ಸಮಾಧಾನ ಹೇಳಿದಳು: "ಅದು ಪರೀಕ್ಷಾಕ್ಕ ಬರಂಗಿಲ್ಲ ಬಿಡ್ರಿ ಟೀಚರ್."

೨

ಅಂದಿನಿಂದ ಬಾಯಿಪಾಠ ಮಾಡಿಸುವುದನ್ನು ಬಿಟ್ಟೆ. "ಇನ್‌ಸ್ಪೆಕ್ಟರ್ ಸಾಹೇಬ್ರು ಬಂದಾಗ ನಿಮ್ಮ ಹುಡುಗ್ರು ಬಾಯಿ ಬಿಡಂಗಿಲ್ಲ ನೋಡ್ರಿ" ಎಂದು ಹೆಡ್‌ಮಾಸ್ತರರು ಹೆದರಿಸಿದರು.

ಸಾಹೇಬರು ಬಂದೇ ಬಂದರು. ತಾವೇ ಒಂದು ಕಥೆ ಓದಿದರು: ಅತ್ತೆ ಎರಡು ಮಣ್ಣಿನ ಕೊಡ ಹಿಡಿದು ಬಾವಿಗೆ ಹೋದಳು. ಒಂದೇ ಕೊಡದೊಂದಿಗೆ ಮರಳಿ ಬಂದು, 'ಬಾವಿ ಹತ್ತಿರ ಭಾಳ ಜಾರುತ್ತದೆ' ಎಂದು ಸೊಸೆಗೆ ಹೇಳಿದಳು.

"ಇನ್ನೊಂದು ಕೊಡ ಏನಾಯ್ತು?"

ಒಬ್ಬಳು ಎದ್ದಳು. "ಒಡೀತ್ರಿ. ಅತ್ತಿ ಜಾರಿ ಬಿದ್ದಾಳ್ರಿ."

"ಬಿದ್ದಳು ಅಂತ ಎಲ್ಲಿ ಅದ?"

"ಸೊಸಿ ಮುಂದ ಹೆಂಗ ಹೇಳ್ತಾಳ್ರಿ?"

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. 'ಈ ಮಕ್ಕಳು ಬರೆಯದೇ ಇದ್ದದ್ದನ್ನೂ ಓದುತ್ತಾರೆ' ಎಂದು ವರದಿ ಬರೆದು ಹೋದರು. ಅದು ಹೊಗಳಿಕೆಯೋ ಬೈಗುಳವೋ ಎಂದು ಹೆಡ್‌ಮಾಸ್ತರರು ವಾರಗಟ್ಟಲೆ ನನ್ನನ್ನು ಕೇಳುತ್ತಿದ್ದರು.

೩

ಶಹಾಬಾದಿಗೆ ಬಂದ ಮೇಲೆ ಮಧ್ಯಾಹ್ನ ಹೆಂಗಸರಿಗೂ ಓದು ಕಲಿಸಿದೆ. ಅವರಲ್ಲೊಬ್ಬಳಿಗೆ, ನೌಕರಿ ಇದ್ದವನಿಗೇ ಮಗಳನ್ನು ಕೊಡಬೇಕೆಂಬ ಹಟ. ಗಂಡಿನ ಕಡೆಯಿಂದ ಕಾಗದ ಬಂತು. ಆಕೆಯ ಮೈದುನ ಗಟ್ಟಿಯಾಗಿ ಓದಿದ: 'ಹುಡುಗನಿಗೆ ನೌಕರಿ ಸಿಕ್ಕಂತೆಯೇ.' ಮನೆಯವರೆಲ್ಲ ಸಕ್ಕರೆ ಹಂಚಲು ಎದ್ದರು.

ಆಕೆ ಕಾಗದ ಇಸಿದುಕೊಂಡು, ಅಕ್ಷರಗಳ ಕೆಳಗೆ ಬೆರಳಿಟ್ಟು ಮೂರು ಸಲ ಓದಿದಳಂತೆ.

"ತಡಿ ತಮ್ಮಾ. ಸಿಕ್ಕಿದೆ ಅಂತ ಬರ್ದಿಲ್ಲ. ಸಿಕ್ಕಂತೆಯೇ ಅಂತ ಬರ್ದಾರ."

"ಎರಡೂ ಒಂದೇ ವೈನಿ!"

"ಒಂದೇ ಆದ್ರ ಸಿಕ್ಕಿದೆ ಅಂತ ಯಾಕ ಬರೀಲಿಲ್ಲ?"

ಸಕ್ಕರೆ ಡಬ್ಬಿಗೆ ವಾಪಸು ಹೋಯಿತು.

ಆ ಹುಡುಗನಿಗೆ ನೌಕರಿ ಸಿಕ್ಕಿದ್ದು ಮುಂದಿನ ವರ್ಷ. ಮದುವೆಯೂ ಆಮೇಲೆಯೇ ಆಯಿತು. ಆದರೆ ಆ ಕಾಗದ ಬಂದ ದಿನವೇ ಆಕೆ ತನ್ನ ಕೈಯಾರೆ, ಜೀವನದಲ್ಲಿ ಮೊದಲ ಸಲ, ಅದಕ್ಕೆ ಉತ್ತರ ಬರೆದು ನನಗೆ ತೋರಿಸಲು ತಂದಿದ್ದಳು. ತಿದ್ದಲು ಒಂದಕ್ಷರವೂ ಇರಲಿಲ್ಲ:

'ನಮ್ಮ ಹುಡುಗಿಯನ್ನು ಕೊಟ್ಟಂತೆಯೇ.'