ಮೂರನೇ ಮಹಡಿಯ ಚಹಾ ಕೆಟಲನ್ನು ಉಜ್ಜಕೂಡದೆಂಬ ಬಗ್ಗೆ

ಸಂಖ್ಯೆ: ಅ.ಜೀ.ಶೋ./ಕೆಟಲ್/11/ತುರ್ತು

ವಿಷಯ: ಅನ್ಯಗ್ರಹ ಜೀವ ಶೋಧನಾ ವಿಭಾಗದ ಕೆಟಲಿನ ತಳದಲ್ಲಿ ಪತ್ತೆಯಾದ ಜೀವಿಗಳ ಸಂರಕ್ಷಣೆ.

ಉಲ್ಲೇಖ: 1) ಕೆಟಲ್ ಉಜ್ಜದ ಕಾರಣಕ್ಕೆ, ವಿಭಾಗಕ್ಕೆ ಚಹಾ ಕಾಯಿಸಿ ಕೊಡುತ್ತಿದ್ದ ತಾತನಿಗೆ ನೀಡಿದ ಒಂಬತ್ತು ಎಚ್ಚರಿಕೆ ಪತ್ರಗಳು. 2) ಕಿರಿಯ ಸಂಶೋಧಕಿಯು ಕಾಗದದ ಲೋಟದ ಮೇಲೆ ಬರೆದು ಸಲ್ಲಿಸಿದ ಮನವಿ: "ದಯವಿಟ್ಟು ಯಾರೂ ಮುಟ್ಬೇಡಿ!"

ಯಾವ ಜೀವವೂ ತಾಳಲಾರದಂಥ ಜಾಗದಲ್ಲಿ ಬದುಕುವ ಜೀವಿಯೊಂದನ್ನು ಈ ತಿಂಗಳೊಳಗೆ ತೋರಿಸದಿದ್ದರೆ ಕಿರಿಯ ಸಂಶೋಧಕಿಯ ಹುದ್ದೆ ಮುಂದುವರಿಯದು ಎಂದು ತಿಳಿಸಲಾಗಿತ್ತು. ಸದರಿಯವರು ಹಿಮಗಡ್ಡೆ, ಉಪ್ಪಿನ ಕೆರೆ, ಬಿಸಿನೀರಿನ ಬುಗ್ಗೆ ಎಲ್ಲವನ್ನೂ ಅಲೆದು, ಕಾಲಿನ ಎರಡು ಉಗುರು ಕಳೆದುಕೊಂಡು ತಂದ ಸೀಸೆಗಳಲ್ಲಿ ಏನೂ ಬೆಳೆಯಲಿಲ್ಲ. ಕಳೆದ ತಿಂಗಳು ಚಹಾದ ತಾತ ತೀರಿಕೊಂಡ ಮೇಲೆ ಅವರ ಕೆಟಲನ್ನು ಗುಜರಿಗೆ ಹಾಕಲು ಆದೇಶಿಸಲಾಯಿತು. ಸದರಿಯವರು ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತು, ತಳದ ಬಿಳಿ ಪೊರೆಯನ್ನು ಸುಮ್ಮನೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಲಾಗಿ, ಹನ್ನೊಂದು ವರ್ಷದಿಂದ ದಿನಕ್ಕೆ ಆರು ಸಲ ಕುದ್ದರೂ ಜಗ್ಗದ ತುಂಬು ಸಂಸಾರವೊಂದು ಅಲ್ಲಿ ಹಾಯಾಗಿರುವುದು ಕಂಡುಬಂದಿದೆ. ಆದ ಕಾರಣ:

1. ಸದರಿ ಕೆಟಲನ್ನು ಇನ್ನು ಮುಂದೆ ಪಾತ್ರೆ ಎನ್ನದೆ 'ತೀವ್ರ ಪರಿಸರ' (ಅಂದರೆ ಜೀವ ತಾಳಲಾರದ ಜಾಗ) ಎಂದು ಕರೆಯತಕ್ಕದ್ದು.

2. ಸ್ಟೀಲ್ ಸ್ಕ್ರಬ್ಬರ್, ನಿಂಬೆಹಣ್ಣು ಅಥವಾ ಉತ್ಸಾಹ ಹೊಂದಿದವರಿಗೆ ಮೂರನೇ ಮಹಡಿಗೆ ಪ್ರವೇಶವಿಲ್ಲ. ಉಗ್ರಾಣದ ಮೇಲ್ವಿಚಾರಕರು "ಒಂದೇ ಒಂದ್ಸಲ ಉಜ್ಜಿ ಕೊಡ್ತೀನಿ ಬಿಡಮ್ಮ, ಫಳಫಳ ಅನ್ನುತ್ತೆ" ಎಂದಿರುವುದನ್ನು ಗಂಭೀರವಾಗಿ ಪರಿಗಣಿಸಿ, ಅವರ ಎರಡೂ ಕೈಗಳನ್ನು ಕೆಟಲಿನಿಂದ ಹತ್ತು ಅಡಿ ದೂರ ಇರಿಸಲು ಸೂಚಿಸಲಾಗಿದೆ. ಉಳಿದ ಭಾಗ ಬರಬಹುದು.

3. ಜೀವಿಗಳಿಗೆ ರೂಢಿ ತಪ್ಪದಂತೆ ದಿನಕ್ಕೆ ಆರು ಸಲ ನೀರು ಕುದಿಸತಕ್ಕದ್ದು. ಆ ನೀರಿನಲ್ಲಿ ಮಾಡಿದ ಚಹಾವನ್ನು ಯಾರೂ ಕುಡಿಯತಕ್ಕದ್ದಲ್ಲ.

4. ಈವರೆಗೆ ಕುಡಿದವರು ತಮ್ಮ ಹೊಟ್ಟೆಯೂ ತೀವ್ರ ಪರಿಸರವೆಂದು ನಮೂನೆ-7ರಲ್ಲಿ ಘೋಷಿಸತಕ್ಕದ್ದು. ನಿರ್ದೇಶಕರು ಘೋಷಿಸಿ, ರಜೆಯ ಮೇಲೆ ತೆರಳಿದ್ದಾರೆ.

5. ಬೇರೆ ಗ್ರಹದವರು ತಮ್ಮ ಬಂಧುಗಳನ್ನು ವಿಚಾರಿಸಿಕೊಂಡು ಬಂದಲ್ಲಿ, ಸಂಬಂಧ ದೃಢೀಕರಣ ಪತ್ರವಿಲ್ಲದೆ ಮುಚ್ಚಳ ತೆರೆಯತಕ್ಕದ್ದಲ್ಲ.

6. ಇಂಥ ಕಡೆ ಜೀವ ಇಡಲು ಯಾರ ಅನುಮತಿ ಪಡೆಯಲಾಗಿತ್ತು ಎಂಬ ಮೇಲಿನ ಕಚೇರಿಯ ಪ್ರಶ್ನೆಗೆ, ಇಟ್ಟ ಭಗವಂತನು ಈ ವಿಭಾಗದ ಅಧೀನದಲ್ಲಿಲ್ಲ; ವಿಭಾಗವೇ ಆತನ ಅಧೀನದಲ್ಲಿದೆ ಎಂದು ಉತ್ತರಿಸಲಾಗಿದೆ.

7. ಎಚ್ಚರಿಕೆ ಪತ್ರಗಳಿಗೆ ತಾತ ನೀಡಿದ್ದ ಏಕೈಕ ವಿವರಣೆ: "ಇಷ್ಟು ವರ್ಷದಿಂದ ಅಂಟ್ಕೊಂಡು ಕೂತಿದೆ, ಈಗ ಯಾಕಪ್ಪಾ ಎಬ್ಬಿಸೋದು?" ಆಗ ಇದನ್ನು ತಿರಸ್ಕರಿಸಲಾಗಿತ್ತು. ಈಗ ಅಂಗೀಕರಿಸಲಾಗಿದೆ. ಒಂಬತ್ತೂ ಪತ್ರಗಳನ್ನು ಹಿಂಪಡೆಯಲಾಗಿದೆ. ಸಂಶೋಧಕಿಯ ಹುದ್ದೆಯನ್ನು ಮುಂದುವರಿಸಲಾಗಿದೆ.

8. ಹೊಸ ಜೀವಿಗೆ ತಾತನ ಹೆಸರಿಡಬೇಕೆಂಬ ಸಂಶೋಧಕಿಯ ಕೋರಿಕೆಯನ್ನು ಒಪ್ಪಲಾಗಿದೆ. ಆದರೆ ಕಡತ ಪರಿಶೀಲಿಸಲಾಗಿ, ಒಂಬತ್ತೂ ಪತ್ರಗಳಲ್ಲಿ 'ಚಹಾದವನು' ಎಂದಷ್ಟೇ ಇದೆ. ವಿಚಾರಿಸಲಾಗಿ, ಯಾರಿಗೂ ಗೊತ್ತಿಲ್ಲ.

ಸಹಿ/- (ಚಹಾ ದೊರೆಯದ ಕಾರಣ ಅಸ್ಪಷ್ಟ)
ಆಡಳಿತಾಧಿಕಾರಿ

ಪ್ರತಿಗಳು:
1. ಉಗ್ರಾಣದ ಮೇಲ್ವಿಚಾರಕರಿಗೆ, ಕೈ ಕಟ್ಟಿಕೊಂಡು ಓದಲು.
2. ಕೆಟಲಿನ ಮುಚ್ಚಳಕ್ಕೆ, ಆರಿದ ಮೇಲೆ ಅಂಟಿಸಲು.
3. ತಾತನ ಪತ್ನಿಯವರಿಗೆ, ಸಂಶೋಧಕಿಯ ಮೂಲಕ ಖುದ್ದಾಗಿ. ಚಪ್ಪಲಿ ಹೊರಗೆ ಬಿಟ್ಟು, ಕ್ಷಮೆ ಕೇಳಿ, ಆಮೇಲೆ ಹೆಸರು ಕೇಳತಕ್ಕದ್ದು.